ದೋಣಿಯ ಅಂಚುಪಟ್ಟಿಯಲ್ಲಿ ಹಿಡಿತ ಕಳೆದುಕೊಂಡ ಸ್ಕ್ರೂ ರಂಧ್ರಗಳ ದುರಸ್ತಿ: ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳಲ್ಲಿ ಸೂಳೆಕೆರೆಯ ನೀರು ದಂಡೆಯಿಂದ ಹಿಂದೆ ಸರಿಯತೊಡಗಿದಾಗ, ದಡದ ಮೇಲೆ ಮಗುಚಿಟ್ಟ ಮರದ ದೋಣಿಯ ಅಂಚನ್ನು ಕೈಯಿಂದ ಒತ್ತಿ ನೋಡಿದರೆ ಅದರ ನಿಜವಾದ ಆರೋಗ್ಯ ತಿಳಿಯುತ್ತದೆ. ನೀರಿನಲ್ಲಿರುವಾಗ ಗಟ್ಟಿಯಾಗಿ ಕುಳಿತಂತೆ ಕಾಣುತ್ತಿದ್ದ ಅಂಚುಪಟ್ಟಿ, ಅಂದರೆ ದೋಣಿಯ ಮೇಲಂಚಿನ ಗುಂಟ ಸ್ಕ್ರೂಗಳಿಂದ ಬಿಗಿದ ಮರದ ಪಟ್ಟಿ, ಆಗ ಕಿರುಗುಟ್ಟುತ್ತದೆ, ಸ್ಕ್ರೂಚಾಲಕವನ್ನು ಇಟ್ಟು ತಿರುಗಿಸಿದರೆ ಸ್ಕ್ರೂ ಬಿಗಿಯಾಗದೆ ಒಂದೇ ಸಮನೆ ಸುತ್ತುತ್ತದೆ. ನಮ್ಮ ಬಡಗಿಗಳು ಇದನ್ನು ‘ಸ್ಲಿಪ್ ಆಗಿದೆ’ ಎನ್ನುತ್ತಾರೆ. ಮರದೊಳಗೆ ಸ್ಕ್ರೂವಿನ ಥ್ರೆಡ್ ಕೊರೆದುಕೊಂಡಿದ್ದ ಜಾಗ ಪುಡಿಯಾಗಿದೆ, ಹಿಡಿಯಲು ಅಲ್ಲಿ ಏನೂ ಉಳಿದಿಲ್ಲ ಎಂಬುದು ಇದರ ಅರ್ಥ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ದೋಣಿಯ ದುರಸ್ತಿಯನ್ನೇ ಕಸುಬಾಗಿ ಮಾಡುವವರು ಸುಲಭಕ್ಕೆ ಸಿಗುವುದಿಲ್ಲ. ಹರಿಹರ, ಹೊನ್ನಾಳಿಯ ಕಡೆ ತುಂಗಭದ್ರೆಯಲ್ಲಿ ಓಡಾಡುವ ಬಿದಿರಿನ ತೆಪ್ಪಗಳಿಗೆ ಸ್ಕ್ರೂವಿನ ಗೊಡವೆಯೇ ಇಲ್ಲ. ಹಲಗೆಯ ದೋಣಿ ಇಟ್ಟುಕೊಂಡವರು ಸಾಮಾನ್ಯವಾಗಿ ಬಾಗಿಲು, ಕಿಟಕಿ ಮಾಡುವ ಬಡಗಿಯನ್ನೇ ಕರೆಯುತ್ತಾರೆ. ಅವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಮನೆಯ ಬಾಗಿಲಿಗೆ ಸಾಕಾಗುವ ಉಪಾಯ ದೋಣಿಗೆ ಸಾಲುವುದಿಲ್ಲ ಎಂಬುದನ್ನು ನಾನು ಬಂಧುಗಳೊಬ್ಬರ ದೋಣಿಯಲ್ಲಿ ಸ್ವತಃ ಕೆಲಸ ಮಾಡಿ ಕಲಿತಿದ್ದೇನೆ. ಬೆಂಕಿಕಡ್ಡಿಗಳನ್ನು ಸಾಮಾನ್ಯ ಬಿಳಿ ಅಂಟಿನಲ್ಲಿ ಅದ್ದಿ ರಂಧ್ರಕ್ಕೆ ತುರುಕಿ ಸ್ಕ್ರೂ ಬಿಗಿದಿದ್ದೆ. ಬೇಸಿಗೆಯಲ್ಲಿ ಅದು ಕಲ್ಲಿನಂತಿತ್ತು. ಮಳೆಗಾಲದಲ್ಲಿ ದೋಣಿಯಿಂದ ಇಳಿಯುತ್ತಿದ್ದ ಹುಡುಗನೊಬ್ಬ ಅಂಚನ್ನು ಹಿಡಿದುಕೊಂಡಾಗ ಪಟ್ಟಿ ಮೂರು ಸ್ಕ್ರೂಗಳ ಸಮೇತ ಕಿತ್ತು ಬಂತು. ಅದೃಷ್ಟಕ್ಕೆ ಅಲ್ಲಿ ಮೊಣಕಾಲುದ್ದದ ನೀರಿತ್ತು. ರಂಧ್ರದೊಳಗಿನ ಅಂಟು ಹಾಲಿನಂತೆ ಬೆಳ್ಳಗಾಗಿ ಮೆತ್ತಗಾಗಿತ್ತು. ಮುಂದಿನ ವಿವರಗಳನ್ನೆಲ್ಲ ಆ ದಿನವನ್ನು ನೆನಪಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ರಂಧ್ರ ಸಡಿಲವಾಗುವುದು ಏಕೆ

ರಂಧ್ರವನ್ನು ತುಂಬುವ ಮೊದಲು ಅದು ಏಕೆ ಹಾಳಾಯಿತು ಎಂಬುದನ್ನು ಕಂಡುಹಿಡಿಯಬೇಕು, ಏಕೆಂದರೆ ಕಾರಣ ಹಾಗೆಯೇ ಉಳಿದರೆ ಹೊಸ ದುರಸ್ತಿಯೂ ಅದೇ ದಾರಿಯಲ್ಲಿ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಮೊದಲ ಕಾರಣ ಹವೆ. ಇಲ್ಲಿನ ದೋಣಿ ವರ್ಷದ ಕೆಲವು ತಿಂಗಳು ನೀರು ಕುಡಿಯುತ್ತದೆ, ಉಳಿದ ತಿಂಗಳು ಬಿಸಿಲಿನಲ್ಲಿ ಒಣಗುತ್ತದೆ. ಹಿರಿಯೂರಿನ ವಾಣಿ ವಿಲಾಸ ಸಾಗರವನ್ನೇ ನೋಡಿ: ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿನ ಅಂಚು ಇಷ್ಟೊಂದು ಹಿಂದೆ ಮುಂದೆ ಸರಿಯುವ ಬಯಲುಸೀಮೆಯಲ್ಲಿ ದೋಣಿ ಒಂದೇ ತೇವದಲ್ಲಿ ಇರಲು ಸಾಧ್ಯವೇ ಇಲ್ಲ. ಮರ ತನ್ನ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಆದರೆ ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲಿಯೂ ವರ್ಷದ ಉಂಗುರಗಳ ಗುಂಟ ಕುಗ್ಗುವ ಪ್ರಮಾಣ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವ ಪ್ರಮಾಣದ ಸುಮಾರು ಎರಡು ಪಟ್ಟು ಇರುತ್ತದೆ. ಲೋಹದ ಸ್ಕ್ರೂ ನೀರಿನಿಂದ ಹಿಗ್ಗುವುದಿಲ್ಲ, ಒಣಗಿ ಕುಗ್ಗುವುದೂ ಇಲ್ಲ. ಮರ ಪ್ರತಿ ವರ್ಷ ಉಬ್ಬಿ ಸ್ಕ್ರೂವಿನ ಥ್ರೆಡ್ಡಿಗೆ ಒತ್ತಿಕೊಂಡು ನಜ್ಜಾಗುತ್ತದೆ, ಆಮೇಲೆ ಕುಗ್ಗಿ ದೂರ ಸರಿಯುತ್ತದೆ. ಹೀಗೆ ಕೆಲವು ವರ್ಷ ಕಳೆದರೆ ರಂಧ್ರದ ಗೋಡೆ ಸವೆದುಹೋಗುತ್ತದೆ.

ಎರಡನೆಯ ಕಾರಣ ತುಕ್ಕು. ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದಾಗ ಅದರ ಸುತ್ತಲಿನ ಮರವೂ ಕೆಡುತ್ತದೆ. ಮರದ ಒಗರಿನ ಅಂಶ ಕಬ್ಬಿಣದೊಡನೆ ಸೇರಿ ರಂಧ್ರದ ಸುತ್ತ ಶಾಯಿಯಂಥ ಕಪ್ಪು ಕಲೆಯಾಗುತ್ತದೆ. ಆ ಕಪ್ಪು ಭಾಗ ದಬ್ಬಳದ ಮೊನೆಗೆ ಮೆತ್ತಗೆ ಸಿಕ್ಕಿದರೆ ಅದರ ಶಕ್ತಿ ಹೋಗಿದೆ ಎಂದೇ ತಿಳಿಯಬೇಕು. ಮೂರನೆಯದು ಕೊಳೆತ. ಕಡಲಿನ ಉಪ್ಪುನೀರು ಮರವನ್ನು ಕೊಳೆಯದಂತೆ ಸ್ವಲ್ಪ ಮಟ್ಟಿಗೆ ಕಾಯುತ್ತದೆ, ಆದರೆ ನಮ್ಮ ಕೆರೆ, ಹೊಳೆಗಳ ಸಿಹಿನೀರಿಗೂ ಮಳೆನೀರಿಗೂ ಆ ಗುಣವಿಲ್ಲ. ಸ್ಕ್ರೂವಿನ ತಲೆಯ ಸಂದಿಯಲ್ಲಿ ನಿಂತ ಮಳೆಹನಿ ಒಳಗಿಳಿದು ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತದೆ.

ನಾಲ್ಕನೆಯದು ಮನುಷ್ಯರ ಅವಸರ. ಬ್ಯಾಟರಿ ಡ್ರಿಲ್ಲಿನಿಂದ ಪೂರ್ಣ ಬಲದಲ್ಲಿ ಬಿಗಿದು, ತಲೆ ಕುಳಿತ ಮೇಲೂ ಅರ್ಧ ಸುತ್ತು ಹೆಚ್ಚಾಗಿ ತಿರುಗಿಸಿಬಿಟ್ಟರೆ ಹೊಚ್ಚಹೊಸ ತೇಗದಲ್ಲಿಯೂ ಥ್ರೆಡ್ ಹರಿದುಹೋಗುತ್ತದೆ.

ಸ್ಕ್ರೂವನ್ನು ಹೊರತೆಗೆಯುವುದು

ಸುಮ್ಮನೆ ಸುತ್ತುವ ಸ್ಕ್ರೂವನ್ನು ತೆಗೆಯಲು ಅದರ ತಲೆಯ ಕೆಳಗೆ ತೆಳುವಾದ ಪಟ್ಟಿಯುಳಿಯ ಬಾಯನ್ನು ತೂರಿಸಿ ಮೆಲ್ಲನೆ ಮೇಲಕ್ಕೆತ್ತುತ್ತ ತಿರುಗಿಸಬೇಕು. ಉಳಿಯ ಕೆಳಗೆ ತೆಳುವಾದ ತಗಡಿನ ತುಂಡನ್ನು ಇಟ್ಟರೆ ಪಟ್ಟಿಯ ಮೇಲ್ಮೈಗೆ ಗಾಯವಾಗುವುದಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡ ಸ್ಕ್ರೂಗಳ ಕಥೆ ಬೇರೆ. ಮೊದಲು ಅದರ ಸೀಳಿನಲ್ಲಿ ತುಂಬಿರುವ ಬಣ್ಣವನ್ನೂ ಕೊಳೆಯನ್ನೂ ಹಳೆಯ ಗರಗಸದ ಬ್ಲೇಡಿನಿಂದ ಪೂರ್ತಿ ಕೆರೆಯಬೇಕು. ನಂತರ ಸೀಳಿಗೆ ಸರಿಯಾಗಿ ಹೊಂದುವ ಸ್ಕ್ರೂಚಾಲಕವನ್ನು ನೆಟ್ಟಗೆ ಹಿಡಿದು ಹಿಂಭಾಗಕ್ಕೆ ಸುತ್ತಿಗೆಯಿಂದ ಎರಡು ಮೂರು ಪೆಟ್ಟು ಕೊಟ್ಟು, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಬೇಕು. ಅದಕ್ಕೂ ಬಗ್ಗದಿದ್ದರೆ ಬೆಸುಗೆ ಹಾಕುವ ಕಾವುಕಡ್ಡಿಯನ್ನು ತಲೆಯ ಮೇಲೆ ಒಂದೆರಡು ನಿಮಿಷ ಇರಿಸಿ, ಆರಿದ ಮೇಲೆ ಮತ್ತೆ ಪ್ರಯತ್ನಿಸಬಹುದು. ಸೀಮೆಎಣ್ಣೆಯನ್ನಾಗಲಿ ಎಣ್ಣೆಯ ಸ್ಪ್ರೇಯನ್ನಾಗಲಿ ಸುರಿಯಬೇಡಿರೆಂದು ಒತ್ತಿ ಹೇಳುತ್ತೇನೆ. ಅದು ಮರದ ಎಳೆಗಳೊಳಗೆ ಇಳಿದು, ಮುಂದೆ ಹಾಕುವ ಅಂಟು ಹಿಡಿಯದಂತೆ ಮಾಡುತ್ತದೆ.

ತಲೆ ಮುರಿದರೆ, ಒಳಗೆ ಉಳಿದ ಕಾಂಡವನ್ನು ಅಗೆಯಲು ಹೋಗದೆ, ಅಂಚುಪಟ್ಟಿಯನ್ನು ತೆಗೆದ ಮೇಲೆ ಕಾಂಡದ ಸುತ್ತ ಸಣ್ಣ ಕೊಳವೆಯಾಕಾರದ ಬೈರಿಗೆಯಿಂದ ಕೊರೆದು ಮರದ ಸಮೇತ ತೆಗೆಯುವುದು ಒಳ್ಳೆಯದು. ಆ ರಂಧ್ರವನ್ನು ಹೇಗಿದ್ದರೂ ಮುಂದೆ ತುಂಬಲೇಬೇಕು.

ಒಣಗಿಸುವುದು ಮತ್ತು ಪರೀಕ್ಷಿಸುವುದು

ನನ್ನ ಅನುಭವದಲ್ಲಿ ಇಡೀ ಕೆಲಸದ ಯಶಸ್ಸು ನಿಂತಿರುವುದು ಈ ಹಂತದ ಮೇಲೆ, ಮತ್ತು ಜನ ಬಿಟ್ಟುಬಿಡುವುದೂ ಇದನ್ನೇ. ಈ ದುರಸ್ತಿಗೆ ಬಳಸುವ ಎಪಾಕ್ಸಿ, ಅಂದರೆ ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಅಂಟು, ಒದ್ದೆಯಾದ ಮರಕ್ಕೆ ಚೆನ್ನಾಗಿ ಅಂಟುವುದಿಲ್ಲ. ನಮ್ಮ ಫೆಬ್ರುವರಿ, ಮಾರ್ಚ್ ತಿಂಗಳ ಒಣಗಾಳಿ ಇದಕ್ಕೆ ದೊಡ್ಡ ವರ. ದೋಣಿಯನ್ನು ನೇರ ಬಿಸಿಲಿನಲ್ಲಿ ಇಡದೆ, ಹುಣಸೆ ಮರದ ನೆರಳಿನಲ್ಲೋ ಗಾಳಿಯಾಡುವ ಚಪ್ಪರದ ಕೆಳಗೋ ಕಲ್ಲುಗಳ ಮೇಲೆ ಎತ್ತಿ ಮಗುಚಿಟ್ಟು ಎರಡು ಮೂರು ವಾರ ಬಿಡಬೇಕು. ನೇರ ಬಿಸಿಲಿನಲ್ಲಿ ಹೊರಮೈ ಬೇಗ ಒಣಗಿ ಒಳಗೆ ತೇವ ಉಳಿಯುವುದರಿಂದ ಹಲಗೆ ಸೀಳುತ್ತದೆ. ಒಣಗಿದೆಯೇ ಎಂದು ತಿಳಿಯಲು ಅಂಗೈಯಗಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ರಂಧ್ರಗಳ ಮೇಲೆ ಟೇಪಿನಿಂದ ನಾಲ್ಕೂ ಕಡೆ ಅಂಟಿಸಿ ಒಂದು ದಿನ ಬಿಡಿ. ಒಳಭಾಗದಲ್ಲಿ ಬೆವರಿನಂತೆ ಹನಿ ಕಂಡರೆ ಇನ್ನೂ ಕಾಯಬೇಕು. ತೇವ ಅಳೆಯುವ ಮೀಟರ್ ಇದ್ದರೆ ಅದು ಶೇಕಡಾ 12ರಿಂದ 15ರೊಳಗೆ ತೋರಿಸಬೇಕು.

ಒಣಗಿದ ಮೇಲೆ ಪ್ರತಿಯೊಂದು ರಂಧ್ರವನ್ನೂ ದಬ್ಬಳದಿಂದ ಚುಚ್ಚಿ ನೋಡಿ ಸೀಮೆಸುಣ್ಣದಿಂದ ಗುರುತು ಹಾಕಿ. ರಂಧ್ರದ ಗೋಡೆ ಗಟ್ಟಿಯಾಗಿದ್ದು ಥ್ರೆಡ್ ಮಾತ್ರ ಹರಿದಿದ್ದರೆ ಒಂದು ಗುರುತು, ಸುತ್ತ ಒಂದೆರಡು ಮಿಲಿಮೀಟರ್ ಮೆತ್ತಗಾಗಿದ್ದರೆ ಇನ್ನೊಂದು, ಬೆರಳಗಲ ಕೊಳೆತಿದ್ದರೆ ಮತ್ತೊಂದು. ಈ ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಅಂಚುಪಟ್ಟಿಗೂ ದೋಣಿಯ ಮೈಗೂ ಎದುರುಬದುರಾಗಿ ಅಂಕಿ ಬರೆದಿಟ್ಟುಕೊಳ್ಳಿ. ಬಾಗಿದ ಪಟ್ಟಿಯನ್ನು ಮರಳಿ ಕೂರಿಸುವಾಗ ಅದೇ ಜಾಗ ಸಿಗದಿದ್ದರೆ ರಂಧ್ರಗಳು ಒಂದಕ್ಕೊಂದು ಕೂಡುವುದಿಲ್ಲ.

ಗೋಡೆ ಗಟ್ಟಿಯಾಗಿದ್ದರೆ

ಅತ್ಯಂತ ಸರಳ ಉಪಾಯವೆಂದರೆ ಒಂದು ಅಳತೆ ದಪ್ಪದ ಅಥವಾ ಇನ್ನೂ ಉದ್ದದ ಸ್ಕ್ರೂ ಹಾಕುವುದು. 8ನೆಯ ನಂಬರಿನ ಸ್ಕ್ರೂ ಸುಮಾರು 4.2 ಮಿ.ಮೀ. ದಪ್ಪವಿದ್ದರೆ 10ನೆಯ ನಂಬರಿನದು ಸುಮಾರು 4.8 ಮಿ.ಮೀ. ಇರುತ್ತದೆ. ಉದ್ದದ ವಿಷಯದಲ್ಲಿ ನಾನು ಪಾಲಿಸುವ ಲೆಕ್ಕ ಇದು: ಸ್ಕ್ರೂವಿನ ಮೂರರಲ್ಲಿ ಎರಡು ಭಾಗ ಒಳಗಿನ ಮರದಲ್ಲಿರಬೇಕು. ಆದರೆ ಉದ್ದ ಹೆಚ್ಚಿಸುವ ಮೊದಲು ಹಿಂದಿನ ಮರ ಎಷ್ಟು ದಪ್ಪವಿದೆಯೆಂದು ಅಳೆಯಬೇಕು. ಹಲಗೆಯನ್ನು ತೂರಿ ಒಳಗೆ ಹೊರಟ ಸ್ಕ್ರೂಮೊನೆ ಬಲೆಯನ್ನೂ ಹರಿಯುತ್ತದೆ, ಕೈಯನ್ನೂ ಹರಿಯುತ್ತದೆ. ಅಂಚುಪಟ್ಟಿ ತೆಳ್ಳಗಿದ್ದರೆ ದಪ್ಪ ಸ್ಕ್ರೂವಿನ ತಲೆಗೆ ಅಲ್ಲಿ ಜಾಗ ಸಾಲದು. ಇಂಥ ಕಡೆ ರಂಧ್ರಕ್ಕೆ ಮರದ ಗೂಟ ಹೊಡೆದು ತುಂಬುವುದೇ ಸರಿ.

ಗೂಟ ಹಾಕುವುದು

ಹೆಚ್ಚಿನ ರಂಧ್ರಗಳಿಗೆ ನಾನು ಆರಿಸುವುದು ಈ ವಿಧಾನವನ್ನೇ. ಇಲ್ಲಿ ಒಂದು ಸೂಕ್ಷ್ಮವಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದುಂಡನೆಯ ಮರದ ಕಡ್ಡಿಯಲ್ಲಿ ಮರದ ಎಳೆಗಳು ಕಡ್ಡಿಯ ಉದ್ದಕ್ಕೆ ಓಡುತ್ತವೆ. ಅದನ್ನು ರಂಧ್ರಕ್ಕೆ ಹೊಡೆದು ನಡುವೆ ಸ್ಕ್ರೂ ಬಿಗಿದರೆ ಸ್ಕ್ರೂ ಎಳೆಗಳ ನಡುವೆ ಅವುಗಳ ಉದ್ದಕ್ಕೇ ಇಳಿಯುತ್ತದೆ, ಕಟ್ಟಿಗೆಯ ತುದಿಗೆ ಮೊಳೆ ಹೊಡೆದಂತೆ. ಆಗ ಹಿಡಿತ ಗಣನೀಯವಾಗಿ ಕಡಿಮೆಯಾಗುತ್ತದೆ. ಆದ್ದರಿಂದ ಹಲಗೆಯ ಮುಖದಿಂದ ಅಡ್ಡಕ್ಕೆ ಕತ್ತರಿಸಿದ ಗೂಟ ಬೇಕು. ಗೂಟ ಕತ್ತರಿಸುವ ಕಟ್ಟರನ್ನು ಡ್ರಿಲ್ಲಿಗೆ ಸಿಕ್ಕಿಸಿ, ದೋಣಿಯ ಮರದ್ದೇ ಜಾತಿಯ ತುಂಡಿನಿಂದ, ಸಾಮಾನ್ಯವಾಗಿ 10 ಅಥವಾ 12 ಮಿ.ಮೀ. ಅಗಲದ ಗೂಟಗಳನ್ನು ತೆಗೆಯಬಹುದು. ದಾವಣಗೆರೆಯ ಮಂಡಿಪೇಟೆಯ ಕಡೆ ಇಂಥ ಕಟ್ಟರ್ ಕೇಳಿದರೆ ಅಳತೆಯನ್ನು ಮಿಲಿಮೀಟರಿನಲ್ಲಿ ಸ್ಪಷ್ಟವಾಗಿ ಹೇಳಿ, ಅದೇ ಅಳತೆಯ ಡ್ರಿಲ್ ಬಿಟ್ ಅನ್ನೂ ಜೊತೆಯಲ್ಲೇ ಕೊಳ್ಳಿ. ಒಂದಕ್ಕೊಂದು ಹೊಂದದಿದ್ದರೆ ಗೂಟ ಅಲ್ಲಾಡುತ್ತದೆ.

ಮರ ತೇಗವಾಗಿದ್ದರೆ ಗೂಟವೂ ತೇಗದ್ದೇ ಇರಲಿ. ಹಳೆಯ ಮನೆ ಕೆಡವುವಾಗ ಸಿಗುವ ಸಾಗುವಾನಿ ಚೌಕಟ್ಟಿನ ತುಂಡುಗಳು ಹಲವು ವರ್ಷ ಒಣಗಿರುವುದರಿಂದ ಇದಕ್ಕೆ ಬಹಳ ಒಳ್ಳೆಯವು. ಹೊಸದಾಗಿ ಕಡಿದ ಹಸಿ ಬೇವು, ಮಾವುಗಳ ಗೂಟವನ್ನು ಹಾಕಿದರೆ ಅದು ಒಣಗಿ ಕುಗ್ಗಿ ತಾನಾಗಿಯೇ ಉದುರುತ್ತದೆ.

ಹಳೆಯ ರಂಧ್ರವನ್ನು ಗೂಟದ ಅಳತೆಗೆ ಹಿಗ್ಗಿಸಬೇಕು. ಆಳ ತಪ್ಪದಿರಲು ಬಿಟ್ಟಿನ ಮೇಲೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಕಪ್ಪಾದ, ಮೆತ್ತಗಾದ ಮರವೆಲ್ಲ ಹೊರಬಂದು ಶುದ್ಧ ಬಣ್ಣದ ಪುಡಿ ಬರುವವರೆಗೆ ಕೊರೆಯಬೇಕು. ತೇಗದಲ್ಲಿ ಸಹಜವಾದ ಎಣ್ಣೆಯಿರುವುದರಿಂದ ರಂಧ್ರವನ್ನೂ ಗೂಟವನ್ನೂ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ತಡಮಾಡದೆ ಅಂಟು ಹಚ್ಚಬೇಕು. ತಡಮಾಡಿದರೆ ಎಣ್ಣೆ ಮತ್ತೆ ಮೇಲ್ಮೈಗೆ ಬರುತ್ತದೆ. ರಂಧ್ರದ ಗೋಡೆಗೂ ಗೂಟಕ್ಕೂ ಎಪಾಕ್ಸಿ ಸವರಿ, ಗೂಟದ ಎಳೆಗಳು ಸುತ್ತಲಿನ ಮರದ ಎಳೆಗಳ ದಿಕ್ಕಿಗೇ ಇರುವಂತೆ ತಿರುಗಿಸಿ, ಕೊಡತಿಯಿಂದ ಹದವಾಗಿ ಹೊಡೆದು ಕೂರಿಸಿ. ಎಳೆಗಳ ದಿಕ್ಕು ಒಂದೇ ಆದರೆ ಗೂಟವೂ ಸುತ್ತಲಿನ ಮರವೂ ಮಳೆಗಾಲದಲ್ಲಿ ಒಟ್ಟಿಗೆ ಹಿಗ್ಗಿ ಬೇಸಿಗೆಯಲ್ಲಿ ಒಟ್ಟಿಗೆ ಕುಗ್ಗುತ್ತವೆ. ಗೂಟದ ಪಕ್ಕದಲ್ಲಿ ಗರಗಸದಿಂದ ಒಂದು ಸಣ್ಣ ಗೀರು ಮಾಡಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿಯೂ ಹೆಚ್ಚುವರಿ ಅಂಟೂ ಹೊರಬರಲು ದಾರಿಯಾಗುತ್ತದೆ. ಮರುದಿನ ಹೊರಚಾಚಿದ ತುದಿಯನ್ನು ಹರಿತವಾದ ಉಳಿಯಿಂದ ಸ್ವಲ್ಪಸ್ವಲ್ಪವಾಗಿ ಕೆತ್ತಿ ಸಮ ಮಾಡಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಅದು ಮೇಲ್ಮೈಗಿಂತ ಕೆಳಗೆ ಸೀಳಿ ಕುಳಿಯಾಗಬಹುದು.

ಎಪಾಕ್ಸಿಯಿಂದ ತುಂಬುವುದು

ಗೂಟಕ್ಕೆ ಜಾಗವಿಲ್ಲದ ಕಡೆ, ಹಲಗೆಗಳಿಗೆ ಒಳಗಿನಿಂದ ಆಧಾರವಾಗಿರುವ ಪಕ್ಕೆಲುಬಿನ ಮರ ಕಿರಿದಾಗಿದ್ದು 10 ಮಿ.ಮೀ. ಕೊರೆದರೆ ಸೀಳುವ ಭಯವಿರುವ ಕಡೆ, ಎಪಾಕ್ಸಿಯಿಂದಲೇ ರಂಧ್ರವನ್ನು ತುಂಬಬಹುದು. ಹಳೆಯ ರಂಧ್ರವನ್ನು ಸ್ಕ್ರೂವಿಗಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು ಅಗಲಕ್ಕೆ ಕೊರೆದು, ಪುಡಿಯನ್ನು ಊದಿ ತೆಗೆದು, ಮೊದಲು ಪುಡಿ ಬೆರೆಸದ ತಿಳಿ ಎಪಾಕ್ಸಿಯನ್ನು ಸಣ್ಣ ಕುಂಚದಿಂದ ಗೋಡೆಗೆ ಕುಡಿಸಬೇಕು. ಮರ ಅದನ್ನು ಹೀರಿಕೊಂಡ ಮೇಲೆ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತುಂಬಬೇಕು. ಈ ಎರಡು ಹಂತಗಳನ್ನು ಒಂದಾಗಿಸಬಾರದು: ಗಟ್ಟಿಯಾದುದನ್ನೇ ನೇರವಾಗಿ ತುಂಬಿದರೆ ಅದರಲ್ಲಿರುವ ದ್ರವವನ್ನು ಒಣಮರ ಹೀರಿಕೊಂಡು, ಅಂಟಬೇಕಾದ ಗಡಿಯಲ್ಲಿಯೇ ಅಂಟು ಬಡವಾಗುತ್ತದೆ.

ಬೆರೆಸುವ ಪುಡಿಯಾಗಿ ಫೈಬರ್ ಕೆಲಸದವರ ಬಳಿ ಸಿಗುವ ಸಿಲಿಕಾ ಪುಡಿ ಉತ್ತಮ. ಅದು ಸಿಗದಿದ್ದರೆ ಅದೇ ಮರವನ್ನು ಉಜ್ಜುಕಾಗದದಿಂದ ಉಜ್ಜಿ ಬಂದ ನುಣುಪಾದ ಹಿಟ್ಟನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಬಳಸಬಹುದು. ಗರಗಸದ ಒರಟು ಹೊಟ್ಟು ಬೇಡ. ನೆಟ್ಟಗೆ ಕೆಳಮುಖವಾದ ರಂಧ್ರಕ್ಕೆ ಮಿರ್ಚಿಯ ಹಿಟ್ಟಿನಷ್ಟು ಹದ ಸಾಕು. ಪಕ್ಕಕ್ಕೆ ತೆರೆದಿರುವ ರಂಧ್ರಕ್ಕೆ, ಚಮಚದಲ್ಲಿ ಎತ್ತಿ ಓರೆ ಮಾಡಿದರೂ ಜಾರದ ಬೆಣ್ಣೆಯ ಹದ ಬೇಕು. ಸೂಜಿ ತೆಗೆದ ಇಂಜೆಕ್ಷನ್ ಸಿರಿಂಜಿನಿಂದ ರಂಧ್ರದ ತಳದಿಂದ ಮೇಲಕ್ಕೆ ತುಂಬುತ್ತ ಬಂದರೆ ಗಾಳಿಗುಳ್ಳೆ ಉಳಿಯುವುದಿಲ್ಲ.

ಯಾವ ಎಪಾಕ್ಸಿ ಎಂಬ ಪ್ರಶ್ನೆ ಬರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅರಲ್ಡೈಟ್‌ನಲ್ಲಿ ನಿಧಾನವಾಗಿ ಗಟ್ಟಿಯಾಗುವ ಬಗೆಯನ್ನೇ ಕೊಳ್ಳಬೇಕು. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಗೆ ನೀರನ್ನು ತಡೆಯುವ ಶಕ್ತಿ ಕಡಿಮೆ, ಮರಕ್ಕೆ ಇಳಿಯಲು ಅದಕ್ಕೆ ಸಮಯವೂ ಸಾಲದು. ನಿಧಾನದ ಬಗೆ ದಪ್ಪವಾಗಿರುವುದರಿಂದ ಟ್ಯೂಬುಗಳನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಳುವಾಗಿಸಿಕೊಂಡು ಬೆರೆಸಿದರೆ ಚೆನ್ನಾಗಿ ಇಳಿಯುತ್ತದೆ. ಫೈಬರ್ ಕೆಲಸಕ್ಕೆ ಬಳಸುವ ತೆಳುವಾದ ಎಪಾಕ್ಸಿ ರೆಸಿನ್ ಸಿಕ್ಕಿದರೆ ಇನ್ನೂ ಉತ್ತಮ. ಪಾಲಿಯೆಸ್ಟರ್ ರೆಸಿನನ್ನು ಎಪಾಕ್ಸಿ ಎಂದು ತಿಳಿದು ಕೊಳ್ಳಬಾರದು, ಅದು ಮರಕ್ಕೆ ಅಷ್ಟು ಬಲವಾಗಿ ಹಿಡಿಯುವುದಿಲ್ಲ. ಎರಡು ಭಾಗಗಳ ಪ್ರಮಾಣವನ್ನು ಡಬ್ಬಿಯ ಮೇಲೆ ಬರೆದಂತೆಯೇ ಅಳೆಯಬೇಕು. ಗಟ್ಟಿಕಾರಕ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಆಗ ಅದು ಎಂದಿಗೂ ಪೂರ್ತಿ ಗಟ್ಟಿಯಾಗದೆ ರಬ್ಬರಿನಂತೆ ಉಳಿಯುತ್ತದೆ.

ನಮ್ಮ ಬಿಸಿಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ತಾಪ 10 ಡಿಗ್ರಿ ಏರಿದರೆ ಎಪಾಕ್ಸಿ ಬಳಕೆಗೆ ಸಿಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲಿನ ಮಧ್ಯಾಹ್ನ ಲೋಟದ ತುಂಬ ಬೆರೆಸಿಟ್ಟರೆ ಅದು ತನ್ನದೇ ಕಾವಿನಿಂದ ಹೊಗೆಯಾಡಿ ಗಟ್ಟಿಯಾಗಬಹುದು. ನಾಲ್ಕೈದು ರಂಧ್ರಗಳಿಗೆ ಸಾಕಾಗುವಷ್ಟನ್ನು ಮಾತ್ರ ಬೆರೆಸಿ ಅಗಲವಾದ ತಟ್ಟೆಯಲ್ಲಿ ಹರಡಿಕೊಳ್ಳಿ. ಇನ್ನೊಂದು ವಿಷಯ ವೇಳೆಯದು. ಬೆಳಿಗ್ಗೆ ಹಚ್ಚಿದರೆ, ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹಸಿ ಎಪಾಕ್ಸಿಯಲ್ಲಿ ಗುಳ್ಳೆಗಳೇಳುತ್ತವೆ. ಸಂಜೆ ಐದರ ಮೇಲೆ, ಮರ ತಣ್ಣಗಾಗತೊಡಗಿದಾಗ ಹಚ್ಚಿದರೆ ಒಳಗಿನ ಗಾಳಿ ಕುಗ್ಗುತ್ತ ಎಪಾಕ್ಸಿಯನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಒಂದು ಬದಲಾವಣೆಯಿಂದ ನನ್ನ ಕೆಲಸದಲ್ಲಿ ಆದ ವ್ಯತ್ಯಾಸ ದೊಡ್ಡದು. ಕೈಗವಸು ತಪ್ಪದೆ ಹಾಕಿಕೊಳ್ಳಿ. ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಕೆಲವರಿಗೆ ಶಾಶ್ವತವಾದ ಅಲರ್ಜಿ ಅಂಟಿಕೊಳ್ಳುತ್ತದೆ. ಉಜ್ಜುವಾಗ ಮೂಗು, ಬಾಯಿಗೆ ಮಾಸ್ಕ್ ಇರಲಿ.

ಕನಿಷ್ಠ 24 ಗಂಟೆ ಅದನ್ನು ಮುಟ್ಟಬಾರದು. ಆಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಂಡರೆ ಅದನ್ನು ಮೊದಲು ನೀರಿನಿಂದ ತೊಳೆದು ಒರೆಸಬೇಕು. ತೊಳೆಯದೆ ಉಜ್ಜಿದರೆ ಆ ಜಿಡ್ಡು ಎಲ್ಲ ಕಡೆ ಹರಡಿ ವಾರ್ನಿಷ್ ಹಿಡಿಯದಂತಾಗುತ್ತದೆ.

ಕೊಳೆತ ಆಳವಾಗಿದ್ದರೆ

ದಬ್ಬಳ ಬೆರಳಗಲಕ್ಕೂ ಮೆತ್ತಗೆ ಇಳಿದರೆ ಗೂಟವೂ ಬೇಡ, ಎಪಾಕ್ಸಿಯೂ ಬೇಡ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ, ಎರಡೂ ತುದಿಗಳು ಓರೆಯಾಗುವಂತೆ ಉಳಿಯಿಂದ ಕಡಿದು ತೆಗೆದು, ಅದೇ ಆಕಾರದ ಹೊಸ ತುಂಡನ್ನು ಅಂಟಿಸಿ ಹೊಸದಾಗಿ ರಂಧ್ರ ಕೊರೆಯಬೇಕು. ಹುಟ್ಟು ಸಿಕ್ಕಿಸುವ ಕೊಂಡಿ, ಹಗ್ಗ ಕಟ್ಟುವ ಬಳೆ ಮುಂತಾದ ಎಳೆತ ಬೀಳುವ ಜಾಗಗಳಲ್ಲಿ ನಾನಂತೂ ಸ್ಕ್ರೂವನ್ನು ನಂಬುವುದನ್ನೇ ಬಿಟ್ಟಿದ್ದೇನೆ. ಅಲ್ಲಿ ಮರವನ್ನು ತೂರಿ ಹೋಗುವ ಬೋಲ್ಟ್, ಒಳಗಡೆ ಅಗಲವಾದ ವಾಷರ್ ಮತ್ತು ನಟ್ ಇರಬೇಕು.

ಹೊಸ ರಂಧ್ರ ಮತ್ತು ಸ್ಕ್ರೂ

ತುಂಬಿದ ಜಾಗದಲ್ಲಿ ಎರಡು ಅಳತೆಯ ರಂಧ್ರಗಳು ಬೇಕೆಂಬುದು ಹಲವರಿಗೆ ತಿಳಿದಿಲ್ಲ. ಒಳಗಿನ ಮರದಲ್ಲಿ ಸ್ಕ್ರೂವಿನ ಥ್ರೆಡ್ ಕಚ್ಚಬೇಕು, ಆದ್ದರಿಂದ ಅಲ್ಲಿ ಕಿರಿದಾದ ರಂಧ್ರ. ಹೊರಗಿನ ಅಂಚುಪಟ್ಟಿಯಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು, ಆದ್ದರಿಂದ ಅಲ್ಲಿ ಅಗಲವಾದ ರಂಧ್ರ. ಪಟ್ಟಿಯಲ್ಲಿಯೂ ಥ್ರೆಡ್ ಕಚ್ಚಿಕೊಂಡರೆ ಪಟ್ಟಿಗೂ ಮೈಗೂ ನಡುವಿನ ಸಂದು ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಸಂದು ಮುಚ್ಚಲಿಲ್ಲವೆಂದು ಇನ್ನೂ ಬಲ ಹಾಕಿ ತಿರುಗಿಸಿದಾಗಲೇ ಒಳಗಿನ ಥ್ರೆಡ್ ಹರಿಯುವುದು. ತೇಗದಂಥ ಗಟ್ಟಿಮರದಲ್ಲಿ 6ನೆಯ ನಂಬರಿಗೆ ಒಳಗೆ 2.5, ಪಟ್ಟಿಯಲ್ಲಿ 4 ಮಿ.ಮೀ.; 8ನೆಯ ನಂಬರಿಗೆ 3 ಮತ್ತು 4.5, 10ನೆಯ ನಂಬರಿಗೆ 3.5 ಮತ್ತು 5 ಮಿ.ಮೀ. ಸರಿಹೋಗುತ್ತವೆ. ಮೆತ್ತನೆಯ ಮರದಲ್ಲಿ ಒಳಗಿನ ರಂಧ್ರವನ್ನು ಅರ್ಧ ಮಿಲಿಮೀಟರ್ ಕಿರಿದಾಗಿಸಿ. ಮೊದಲು ಬೇರೊಂದು ತುಂಡಿನಲ್ಲಿ ಪ್ರಯೋಗ ಮಾಡಿ ನೋಡುವುದು ಲೇಸು.

ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೋ ಹಿತ್ತಾಳೆಯದೋ ಇರಲಿ. ಕಡಲಿನ ದೋಣಿಗಳಿಗೆ ಹಿತ್ತಾಳೆ ಬೇಡವೆನ್ನುವುದು ಉಪ್ಪುನೀರು ಅದರಲ್ಲಿನ ಸತುವನ್ನು ತಿಂದುಹಾಕುವುದರಿಂದ. ಸಿಹಿನೀರಿನಲ್ಲಿ, ಅದರಲ್ಲೂ ನೀರಿನ ಮಟ್ಟಕ್ಕಿಂತ ಮೇಲಿರುವ ಅಂಚುಪಟ್ಟಿಗೆ, ಅದು ನಡೆಯುತ್ತದೆ. ಆದರೆ ಹಿತ್ತಾಳೆ ಮೆದು, ಗಟ್ಟಿಮರದಲ್ಲಿ ತಲೆ ಮುರಿಯುತ್ತದೆ. ಅದಕ್ಕೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಬಿಗಿದು ಬಿಚ್ಚಿ ದಾರಿ ಮಾಡಿ, ಆಮೇಲೆ ಹಿತ್ತಾಳೆಯದನ್ನು ಹಾಕಬೇಕು. ಥ್ರೆಡ್ಡಿಗೆ ಮೇಣದಬತ್ತಿಯ ಮೇಣ ಉಜ್ಜಿದರೆ ಸಲೀಸು. ಸಾಬೂನು ತೇವ ಹೀರುವುದರಿಂದ ಬೇಡ.

ಪಟ್ಟಿಯನ್ನು ಮರಳಿ ಕೂರಿಸುವ ಮೊದಲು ಅದರ ಹಿಂಬದಿಗೂ ರಂಧ್ರದ ಒಳಗೋಡೆಗಳಿಗೂ ವಾರ್ನಿಷ್ ಹಚ್ಚಿ ಒಣಗಿಸಿ. ನಂತರ ಹಿಂಬದಿಯ ಉದ್ದಕ್ಕೂ ಪಾಲಿಯುರಿಥೇನ್ ಸೀಲಂಟಿನ ತೆಳು ಗೆರೆ ಎಳೆದು, ಪ್ರತಿ ರಂಧ್ರದ ಸುತ್ತ ಒಂದು ಉಂಗುರ ಹಾಕಿ. ನಡುವಿನ ಸ್ಕ್ರೂವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ, ಎಲ್ಲವನ್ನೂ ಮೊದಲು ಅರ್ಧ ಮಾತ್ರ ಬಿಗಿಯಿರಿ. ಕೊನೆಯ ಬಿಗಿತ ಕೈಯಲ್ಲಿ ಹಿಡಿದ ಸ್ಕ್ರೂಚಾಲಕದಿಂದಲೇ ಆಗಬೇಕು. ಸೀಲಂಟು ಅಂಚಿನಲ್ಲಿ ಸಣ್ಣಗೆ ಇಣುಕಿದ ಕೂಡಲೇ ನಿಲ್ಲಿಸಿ. ಅದನ್ನೆಲ್ಲ ಹಿಂಡಿ ಹೊರಹಾಕಿದರೆ ನೀರು ತಡೆಯಲು ಒಳಗೆ ಏನೂ ಉಳಿಯುವುದಿಲ್ಲ.

ಸ್ಕ್ರೂತಲೆ ಮುಚ್ಚಲು ಮರದ ಬಿರಡೆ ಹಾಕುವುದಾದರೆ ಅದಕ್ಕೆ ಎಪಾಕ್ಸಿ ಬೇಡ, ವಾರ್ನಿಷ್ ಹಚ್ಚಿ ಕೂರಿಸಿ; ಮುಂದೆ ಸ್ಕ್ರೂ ಬಿಚ್ಚಬೇಕಾದಾಗ ಅದು ಸುಲಭವಾಗಿ ಬರುತ್ತದೆ. ಎಪಾಕ್ಸಿ ಬಿಸಿಲಿಗೆ ಹಾಳಾಗುವುದರಿಂದ, ಅದು ಹೊರಗೆ ಕಾಣುವ ಕಡೆಯೆಲ್ಲ ಬಣ್ಣವೋ ಹೊರಾಂಗಣದ ವಾರ್ನಿಷೋ ಮೂರು ನಾಲ್ಕು ಕೈ ಬೀಳಬೇಕು.

ದೋಣಿ ನೀರಿಗಿಳಿದು ಮರ ಉಬ್ಬುವ ಮೊದಲ ಎರಡು ವಾರಗಳಲ್ಲಿ ಯಾವ ಸ್ಕ್ರೂವನ್ನೂ ಬಿಗಿಯಲು ಹೋಗಬೇಡಿ. ಮುಂದಿನ ಬೇಸಿಗೆಗೆ ಅದು ಮತ್ತೆ ದಡ ಹತ್ತಿ, ನೆರಳಿನಲ್ಲಿ ಒಂದು ತಿಂಗಳು ಒಣಗಿದ ಮೇಲೆ, ಪ್ರತಿ ಸ್ಕ್ರೂವಿಗೂ ಚಾಲಕವನ್ನಿಟ್ಟು ಎರಡೇ ಬೆರಳುಗಳ ಬಲದಿಂದ ತಿರುಗಿಸಿ ನೋಡಿ. ಕಾಲು ಸುತ್ತಿನೊಳಗೆ ನಿಂತರೆ ಅದನ್ನು ಹಾಗೆಯೇ ಬಿಡಿ. ನಿಲ್ಲದೆ ಸುತ್ತಿದರೆ ಆ ರಂಧ್ರಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ.